ಸೈಟ್ ಕೊಳ್ಳೋ ಮುಂಚೆ ರಸ್ತೆ ಅಳೀರಿ

ಹೊಸ ಬಡಾವಣೆಯಲ್ಲಿ ಸೈಟ್ ನೋಡ್ತಿದ್ದೀರಾ? ಮೊದಲು ರಸ್ತೆಗೆ ಟೇಪ್ ಹಿಡೀರಿ.

ನಮ್ಮಲ್ಲಿ ಲೇಔಟ್ ಒಳರಸ್ತೆ ಸಾಮಾನ್ಯವಾಗಿ 30 ಅಡಿ, ಅಂದ್ರೆ ಸುಮಾರು 9 ಮೀಟರ್. ಅಷ್ಟೂ ಡಾಂಬರಲ್ಲ, ಈ ಸೈಟಿನ ಗಡಿಯಿಂದ ಎದುರು ಸೈಟಿನ ಗಡಿವರೆಗಿನ ಅಳತೆ.

ಎರಡೂ ಬದಿ ಚರಂಡಿ, ಫುಟ್‌ಪಾತ್‌ಗೆ ಐದೈದು ಅಡಿ ಬಿಟ್ರೆ ಉಳಿಯೋದು 20. ಎರಡೂ ಕಡೆ ಕಾರು ನಿಂತ್ರೆ ಬರೀ 8. ಅಗ್ನಿಶಾಮಕ ವಾಹನದ ಅಗಲವೇ ಹೆಚ್ಚುಕಮ್ಮಿ ಅಷ್ಟಿರುತ್ತೆ!

ಅದಕ್ಕೇ ಮೂರು ವಿಷಯ ನೋಡಿ. ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯಾ? ನಕ್ಷೆಯಲ್ಲಿರೋ ಅಗಲ ಜಾಗದಲ್ಲೂ ಇದೆಯಾ? ರಸ್ತೆ ಪಕ್ಕದ ಬಡಾವಣೆಗೆ ಸೇರುತ್ತಾ, ಇಲ್ಲ ಅಲ್ಲೇ ಮುಗಿಯುತ್ತಾ?

ಮನೆಗಳೆದ್ದ ಮೇಲೆ ರಸ್ತೆ ಅಗಲ ಮಾಡೋದು ಬಲು ಕಷ್ಟ. ಅಡ್ವಾನ್ಸ್ ಕೊಡೋ ಮೊದಲೇ ಅಳೀರಿ.