ಕ್ಯಾಮೆರಾ ಕೊಂಡರೆ ಸಾಲದು, ಕಾಯಬೇಕು!

ಮಗನ ಆಸೆಗೆ ನಾವು ಮೊದಲ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಕೊಂಡೆವು. ಚೀಲದಲ್ಲಿ ಹಾಕಿ ಮಳೆಗಾಲವಿಡೀ ಕಪಾಟಿನಲ್ಲಿಟ್ಟೆವು. ಕಾಸರಗೋಡಿನ ಮಳೆ ಸುಮ್ಮನಿರುತ್ತದೆಯೆ? ಮಗಳ ನಿಶ್ಚಿತಾರ್ಥದ ಚಿತ್ರಗಳೆಲ್ಲ ಮಬ್ಬು. ಲೆನ್ಸಿನೊಳಗೆ ಜೇಡರಬಲೆಯಂತೆ ಬೂಷ್ಟು! ಅಡಿಕೆ, ಮೆಣಸನ್ನು ತೇವದಿಂದ ಕಾಯುವ ನಮಗೆ ಇದು ಹೊಳೆಯಲಿಲ್ಲ.

ಆದ್ದರಿಂದ ಮೊದಲು ಕೊಳ್ಳಬೇಕಾದುದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಮತ್ತು ತೇವ ಅಳೆಯುವ ಪುಟ್ಟ ಮಾಪಕ. ಮಾಪಕ ಶೇ. 40ರಿಂದ 50ರ ನಡುವೆ ಇರಲಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಎಂದರ್ಥ, ಬದಲಿಸಿ.

ಚರ್ಮದ ಚೀಲ ನಮ್ಮ ಮನೆಗಳಿಗೂ ಸಲ್ಲದು, ಕ್ಯಾಮೆರಾಕ್ಕೂ ಸಲ್ಲದು. ಅದು ತೇವ ಹಿಡಿದಿಡುತ್ತದೆ. ಒಳಗೆ ಮೆತ್ತೆಯಿರುವ ನೈಲಾನ್ ಚೀಲ ಸಾಕು, ಅದೂ ಪ್ರಯಾಣಕ್ಕೆ ಮಾತ್ರ.

ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಕೊಳ್ಳುವಾಗ ಅಳತೆ ನೋಡಿ. ಲೆನ್ಸಿನ ಅಂಚಿನಲ್ಲಿ ಅಡ್ಡಗೀಟಿನ ಸೊನ್ನೆಯ ಪಕ್ಕ 52, 58 ಎಂದು ಮಿಲಿಮೀಟರ್ ಅಂಕಿಯಿರುತ್ತದೆ. ಧೂಳನ್ನು ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ರಬ್ಬರಿನ ಬ್ಲೋವರ್ ಬಳಸಿ. ಇನ್ನೊಂದು ಬ್ಯಾಟರಿ, ಇನ್ನೊಂದು ಮೆಮೊರಿ ಕಾರ್ಡ್ ಇದ್ದರೆ ಸಮಾರಂಭದ ನಡುವೆ ಪೇಚಾಡಬೇಕಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಆಗಾಗ ಹೊರತೆಗೆದು ಬಳಸಿ. ಕತ್ತಲಲ್ಲಿ ಮುಚ್ಚಿಟ್ಟ ಲೆನ್ಸಿಗೇ ಬೂಷ್ಟು ಬೇಗ ಹತ್ತುವುದು.