ಶೇ 5ರ ಮನೆ ಹುಡುಕುವ ಲೆಕ್ಕ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಬಾಡಿಗೆ ಕೇಳುತ್ತಾರೆ, ಅಡ್ವಾನ್ಸ್ ಕೇಳುತ್ತಾರೆ, ನೀರು ಕಾವೇರಿಯದೋ ಬೋರ್‌ನದೋ ಎಂದು ಕೇಳುತ್ತಾರೆ. ಕರಾರು ಮುಗಿದ ಮೇಲೆ ಎಷ್ಟು ಏರಿಸುತ್ತೀರಿ ಎಂದು ಕೇಳುವವರು ಕಡಿಮೆ. ಆ ಸಾಲು ಕಣ್ಣಿಗೆ ಬೀಳುವುದು ಇ-ಸ್ಟಾಂಪ್ ಕಾಗದದ ಮೇಲೆ ಸಹಿ ಹಾಕುವಾಗ. ಅಷ್ಟರಲ್ಲಿ ಟೋಕನ್ ಅಡ್ವಾನ್ಸ್ ಓನರ್ ಕೈ ಸೇರಿರುತ್ತದೆ.

ಎರಡು ಬೆಡ್‌ರೂಮಿನ ಒಂದು ಮನೆಗೆ ತಿಂಗಳಿಗೆ 25,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಶೇ 5ರಂತೆ ಏರಿದರೆ ಐದನೇ ವರ್ಷದಲ್ಲಿ ಅದು 30,388 ರೂಪಾಯಿ. ಶೇ 10ರಂತೆ ಏರಿದರೆ 36,603. ಐದು ವರ್ಷದಲ್ಲಿ ಕಟ್ಟುವ ಒಟ್ಟು ಬಾಡಿಗೆಯಲ್ಲಿ ಬೀಳುವ ವ್ಯತ್ಯಾಸ 1,73,841 ರೂಪಾಯಿ. 2024–25ರಲ್ಲಿ ದೇಶದ ಚಿಲ್ಲರೆ ಹಣದುಬ್ಬರದ ಸರಾಸರಿ ಶೇ 4.6 ಇತ್ತು. ಅಂದರೆ ಆ ವರ್ಷ ಶೇ 5 ಕೇಳಿದ ಓನರ್ ಹೆಚ್ಚುಕಡಿಮೆ ಬೆಲೆಯೇರಿಕೆಯಷ್ಟನ್ನೇ ಕೇಳಿದರು. ಶೇ 10 ಕೇಳಿದವರು ಅದರ ದುಪ್ಪಟ್ಟಿಗಿಂತಲೂ ಹೆಚ್ಚು ಕೇಳಿದರು.

ಕಾನೂನು ನೆರವಿಗೆ ಬರುತ್ತದೆಯೇ? ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇವತ್ತು ಆ ದುಡ್ಡಿಗೆ ಪಿಜಿಯಲ್ಲಿ ಒಂದು ಮಂಚವೂ ಸಿಗುವುದು ಕಷ್ಟ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಎಂದಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿಸಿಕೊಂಡರಷ್ಟೇ ಜಾರಿ. ಹಾಗಾಗಿ ನಮ್ಮ ಮಟ್ಟಿಗೆ ಕಾನೂನು ಎಂದರೆ ಕರಾರಿನಲ್ಲಿ ಬರೆದಿರುವ ಸಾಲೇ.

ಇನ್ನು ಓನರ್ ಕಡೆಯಿಂದ ಲೆಕ್ಕ ಹಾಕಿ ನೋಡಬೇಕು. ಶೇ 5ರ ಬದಲು ಶೇ 10 ಏರಿಸಿದರೆ ಅವರಿಗೆ ತಿಂಗಳಿಗೆ ಹೆಚ್ಚುವರಿ ಸಿಗುವುದು 1,250 ರೂಪಾಯಿ. ಅದಕ್ಕೆ ಒಪ್ಪದೆ ಬಾಡಿಗೆದಾರ ಖಾಲಿ ಮಾಡಿ, ಮನೆ ಒಂದೇ ಒಂದು ತಿಂಗಳು ಬೀಗ ಹಾಕಿಕೊಂಡಿದ್ದರೆ 25,000 ಹೋಯಿತು. ಅದನ್ನು 1,250ರ ಲೆಕ್ಕದಲ್ಲಿ ತುಂಬಿಕೊಳ್ಳಲು 20 ತಿಂಗಳು ಬೇಕು. ಹೊಸ ಬಾಡಿಗೆದಾರನೂ ಅದೇ ಬಾಡಿಗೆಗೆ ಬರುವ ಬೀದಿಯಾದರೆ ಇದು ಶುದ್ಧ ನಷ್ಟದ ವ್ಯಾಪಾರ. ಆದರೆ ಪಕ್ಕದ ಮನೆ 30,000ಕ್ಕೆ ಹೋಗುತ್ತಿದೆ ಎನ್ನಿ. ಶೇ 5 ಏರಿಸಿ ನಿಮ್ಮನ್ನೇ ಇಟ್ಟುಕೊಂಡರೆ 26,250, ಹೊಸಬರನ್ನು ತಂದರೆ 30,000. ವ್ಯತ್ಯಾಸ 3,750. ಒಂದು ತಿಂಗಳ ನಷ್ಟ ಏಳು ತಿಂಗಳೊಳಗೆ ವಾಪಸ್. ಅಲ್ಲಿ ನೀವು ಎಷ್ಟೇ ಒಳ್ಳೆಯ ಬಾಡಿಗೆದಾರರಾಗಿರಿ, ಓನರ್ ದನಿ ಗಡುಸಾಗಿಯೇ ಇರುತ್ತದೆ. 2022ರಲ್ಲಿ ಕಚೇರಿಗಳು ಮತ್ತೆ ತೆರೆದು ಜನ ವಾಪಸ್ ಬಂದಾಗ ವೈಟ್‌ಫೀಲ್ಡ್, ಮಾರತ್‌ಹಳ್ಳಿ ಕಡೆ ಆದದ್ದು ಇದೇ.

ಆದ್ದರಿಂದ ಏರಿಕೆ ಹಿತಮಿತವಾಗಿರುವ ಕಟ್ಟಡ ಹುಡುಕುವವರು ಓನರ್ ಒಳ್ಳೆಯವರೇ ಎಂದು ವಿಚಾರಿಸುವುದಕ್ಕಿಂತ, ಅದೇ ಕಟ್ಟಡದಲ್ಲಿ ಮೂರು ವರ್ಷದಿಂದ ಇರುವವರು ಎಷ್ಟು ಕೊಡುತ್ತಿದ್ದಾರೆ, ಟು-ಲೆಟ್ ಬೋರ್ಡಿನ ಮನೆಗೆ ಎಷ್ಟು ಹೇಳುತ್ತಿದ್ದಾರೆ ಎಂದು ನೋಡುವುದು ಲೇಸು. ಇವೆರಡರ ನಡುವಿನ ಅಂತರ ಕಡಿಮೆಯಿದ್ದರೆ ಬಾಡಿಗೆ ಆಗಲೇ ಮಾರುಕಟ್ಟೆಯ ಮಟ್ಟ ಮುಟ್ಟಿದೆ, ಇನ್ನು ಜಿಗಿಯಲು ಜಾಗವಿಲ್ಲ. ಈ ಮಾಹಿತಿ ಬ್ರೋಕರ್ ಬಳಿ ಸಿಗುವುದಿಲ್ಲ. ಅವರ ಕಮಿಷನ್ ಇರುವುದೇ ಜನ ಮನೆ ಬದಲಿಸುವುದರಲ್ಲಿ. ಕೆಳಗಿನ ಇಸ್ತ್ರಿ ಅಂಗಡಿಯವರನ್ನು ಕೇಳಿ. ಯಾವ ಮನೆಯ ಬಟ್ಟೆ ಎಷ್ಟು ವರ್ಷದಿಂದ ಬರುತ್ತಿದೆ, ಯಾವ ಮಹಡಿಯಲ್ಲಿ ವರ್ಷಕ್ಕೊಬ್ಬರು ಬದಲಾಗುತ್ತಾರೆ ಎಂಬುದು ಅವರ ಬಾಯಲ್ಲೇ ಇರುತ್ತದೆ.

ಓನರ್‌ಗಳಲ್ಲೂ ಬಗೆಗಳಿವೆ. ವಿಜಯನಗರ, ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ತಾವು ಕೆಳಗಿದ್ದು ಮೇಲಿನ ಐದಾರು ಮನೆಗಳ ಬಾಡಿಗೆಯನ್ನೇ ಪಿಂಚಣಿಯಂತೆ ನಂಬಿದವರಿಗೆ ಖಾಲಿ ಮನೆ ಕಣ್ಣೆದುರೇ ಇರುತ್ತದೆ, ಚುಚ್ಚುತ್ತದೆ. ಸಾಲ ಮಾಡಿ ಹೂಡಿಕೆಗೆಂದು ಫ್ಲ್ಯಾಟ್ ಕೊಂಡವರ ಕಥೆ ಬೇರೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. 20 ವರ್ಷದ 50 ಲಕ್ಷ ಸಾಲದ ಬಡ್ಡಿ ಅಷ್ಟೇ ಏರಿ ಶೇ 6.7ರಿಂದ 9.2 ಆದರೆ ತಿಂಗಳ ಕಂತು ಸುಮಾರು 37,900ದಿಂದ 45,600ಕ್ಕೆ ಹೋಗುತ್ತದೆ. ಆ 7,700ರಲ್ಲಿ ಒಂದಿಷ್ಟು ನಿಮ್ಮ ಮುಂದಿನ ಕರಾರಿಗೆ ಬಂದು ಕೂರುತ್ತದೆ. 2025ರಲ್ಲಿ ರೆಪೊ ಇಳಿಯಿತಲ್ಲ, ಬಾಡಿಗೆ ಇಳಿಸಿ ಎಂದು ಕೇಳಿ ನೋಡಿ, ಉತ್ತರ ಗೊತ್ತೇ ಇದೆ.

ಬಾಡಿಗೆ ಶೇ 5 ಮಾತ್ರ ಏರಿಸಿ, ಉಳಿದದ್ದನ್ನು ಬೇರೆ ಬಾಗಿಲಿನಿಂದ ವಸೂಲು ಮಾಡುವ ಕಟ್ಟಡಗಳೂ ಇವೆ. 1,200 ಚದರಡಿಯ ಫ್ಲ್ಯಾಟಿಗೆ ಮೇಂಟೆನೆನ್ಸ್ ಚದರಡಿಗೆ 3 ರೂಪಾಯಿಯಿಂದ 4 ಆಯಿತೆನ್ನಿ. ಬಾಡಿಗೆ 1,250, ಮೇಂಟೆನೆನ್ಸ್ 1,200 ಏರಿತು. ಒಟ್ಟು 28,600 ಇದ್ದದ್ದು 31,050. ಕರಾರಿನಲ್ಲಿ ಶೇ 5, ಕೈಯಿಂದ ಹೋದದ್ದು ಶೇ 8.6.

ಟ್ಯಾಂಕರ್ ನೀರನ್ನು ನಂಬಿದ ಕಟ್ಟಡದಲ್ಲಿ ಮೇಂಟೆನೆನ್ಸ್‌ನ ದೊಡ್ಡ ಪಾಲು ನೀರಿನದು. 2024ರ ಬರದಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿದಾಗ 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಎಂದಿತ್ತು. ಇಪ್ಪತ್ತು ಮನೆಯ ಕಟ್ಟಡ ದಿನಕ್ಕೆ ಅಂಥ ಒಂದು ಟ್ಯಾಂಕರ್ ತರಿಸಿದರೆ ಮನೆಗೆ 600 ಲೀಟರ್, ತಿಂಗಳಿಗೆ 1,500 ರೂಪಾಯಿ. ಅದೇ ನಮ್ಮ ಲೆಕ್ಕದ ಬಾಡಿಗೆಯ ಶೇ 6. ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿ ನಗರದ ಅಂಚಿನ 110 ಹಳ್ಳಿಗಳ ಪ್ರದೇಶಕ್ಕೆ ನೀರು ಕೊಡುವ ದಾರಿ ತೆರೆಯಿತು. ಆದರೂ ನೀವು ನೋಡುತ್ತಿರುವ ಕಟ್ಟಡದ ಸಂಪ್‌ಗೆ ಸಂಪರ್ಕ ಬಂದಿದೆಯೇ ಎಂದು ಕೇಳಿ, ಸಾಧ್ಯವಾದರೆ ಜಲಮಂಡಳಿ ಬಿಲ್ ನೋಡಿ.

ಅಡ್ವಾನ್ಸ್ ಲೆಕ್ಕ ಚಿಕ್ಕದು. ಹತ್ತು ತಿಂಗಳ ಬಾಡಿಗೆ, ಅಂದರೆ 2.5 ಲಕ್ಷ, ಶೇ 6ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 15,000 ಬಡ್ಡಿ ಬರುತ್ತಿತ್ತು. ತಿಂಗಳಿಗೆ 1,250. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರು ಮೊದಲ ದಿನದಿಂದಲೇ ಶೇ 5 ಹೆಚ್ಚು ಬಾಡಿಗೆ ಕಟ್ಟುತ್ತಿದ್ದಾರೆ ಎಂದಾಯಿತು.

ಹಾಗೆಂದು ಏರಿಕೆಯ ಶೇಕಡಾವಾರಿಗೇ ಜೋತುಬೀಳುವುದೂ ಸರಿಯಲ್ಲ. 22,000ಕ್ಕೆ ಶುರುವಾಗಿ ಶೇ 8 ಏರುವ ಮನೆಯೊಂದು, 26,000ಕ್ಕೆ ಶುರುವಾಗಿ ಶೇ 5 ಏರುವ ಮನೆಯೊಂದು ಇದ್ದರೆ, ಐದು ಏರಿಕೆಗಳ ನಂತರವೂ ಮೊದಲನೆಯದೇ ಅಗ್ಗ: 32,325ಕ್ಕೆ ಎದುರು 33,183. ಆರನೇ ಏರಿಕೆಗೆ ಲೆಕ್ಕ ತಿರುಗುತ್ತದೆ, ಅದೂ ಎಪ್ಪತ್ತು ರೂಪಾಯಿಯಷ್ಟು. ಎರಡು ಮೂರು ವರ್ಷಕ್ಕೆ ಊರು ಬಿಡುವವರಿಗೆ ಏರಿಕೆಯ ಚೌಕಾಸಿಗಿಂತ ಆರಂಭದ ಬಾಡಿಗೆಯ ಚೌಕಾಸಿಯೇ ಲಾಭ. ಮಕ್ಕಳ ಶಾಲೆ ಹತ್ತಿರವೆಂದು ಎಂಟು ಹತ್ತು ವರ್ಷ ಇರುವವರಿಗೆ ಮಾತ್ರ ಶೇಕಡಾವಾರು ಜೀವಾಳ.

ಅಂಥವರು ನೋಡಬೇಕಾದ ಇನ್ನೊಂದು ಅಂಕಿ 11. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದ್ದರಿಂದ ಹೆಚ್ಚಿನವರು 11 ತಿಂಗಳಿಗೆ ಬರೆಸುತ್ತಾರೆ. ಏರಿಕೆಯೂ 11 ತಿಂಗಳಿಗೊಮ್ಮೆ ಬಂದರೆ ಐದು ವರ್ಷದಲ್ಲಿ ನಾಲ್ಕರ ಬದಲು ಐದು ಸಲ ಬಾಡಿಗೆ ಏರುತ್ತದೆ. ಶೇ 5ರ ಏರಿಕೆ ವರ್ಷಕ್ಕೆ ಶೇ 5.5ರ ಹತ್ತಿರ ನಿಲ್ಲುತ್ತದೆ. 25,000ದ ಮನೆಗೆ ಐದು ವರ್ಷದಲ್ಲಿ ಇದರಿಂದ ಬೀಳುವ ಹೆಚ್ಚುವರಿ ಹೊರೆ ಸುಮಾರು 21,400 ರೂಪಾಯಿ. ಕರಾರು 11 ತಿಂಗಳದ್ದಾದರೂ ‘ಬಾಡಿಗೆ ಏರಿಕೆ 12 ತಿಂಗಳಿಗೊಮ್ಮೆ, ಶೇ 5’ ಎಂದು ಬರೆಸಲು ಅಡ್ಡಿಯೇನಿಲ್ಲ. ಟೋಕನ್ ಕೊಡುವ ಮೊದಲು ಕೇಳಿದರೆ ಬಹಳಷ್ಟು ಓನರ್‌ಗಳು ಒಪ್ಪಿಯೂ ಬಿಡುತ್ತಾರೆ.