ಅಳಿಲು ಮರಿಗೆ ಹಾಲು ಬಿಡಿಸುವ ಹೊತ್ತು

ಜೂನ್ ತಿಂಗಳಲ್ಲಿ ತಮಿಳುನಾಡಿನ ಕಂಬಂ ಕಣಿವೆಗೆ ಗಾಳಿ ನುಗ್ಗುತ್ತದೆ. ಕೇರಳದ ಕಡೆಯಿಂದ ಬರುವ ಮುಂಗಾರಿನ ಗಾಳಿಗೆ ಪಶ್ಚಿಮ ಘಟ್ಟದ ಈ ಸಂದು ಒಂದು ಬಾಗಿಲು. ತೇನಿ, ಆಂಡಿಪಟ್ಟಿ ಬಯಲಿನಲ್ಲಿ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳು ಈ ಗಾಳಿಯನ್ನೇ ನಂಬಿಕೊಂಡಿವೆ. ಕಂಬಂನಿಂದ ಸುರುಳಿ ಜಲಪಾತದ ದಾರಿಯಲ್ಲಿ ಸಿಗುವ ಕಾಮಯಗೌಂಡನ್‌ಪಟ್ಟಿಯಲ್ಲಿ ಆ ದಿನಗಳಲ್ಲಿ ತೆಂಗಿನ ಒಣ ಸೋಗೆಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಕೆಲವು ಸಲ ಸೋಗೆಯ ಜೊತೆಗೆ ನಾರು, ಹತ್ತಿ, ಹಳೆ ಬಟ್ಟೆಯ ಚೂರು ಸೇರಿಸಿ ಕಟ್ಟಿದ ಅಳಿಲಿನ ಗೂಡೂ ಬೀಳುತ್ತದೆ. ಅದರೊಳಗೆ ಕಣ್ಣು ಬಿಡದ, ಮೈಮೇಲೆ ಕೂದಲಿಲ್ಲದ ಎರಡು ಮೂರು ಮರಿಗಳಿರುತ್ತವೆ.

ಈ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗರಿದ್ದಾರೆ, ಕಪ್ಪಿಲಿಯರಿದ್ದಾರೆ. ತೆಂಗು, ಬಾಳೆ, ದ್ರಾಕ್ಷಿ ಇಲ್ಲಿನ ಬೇಸಾಯ. 1895ರಲ್ಲಿ ಮುಗಿದ ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರು ಘಟ್ಟ ದಾಟಿ ಬಂದ ಮೇಲೆ ಕಣಿವೆ ಹಸಿರಾಯಿತು, ಅಳಿಲುಗಳಿಗೂ ಸುಗ್ಗಿಯಾಯಿತು. ತೋಟದ ಅಂಚಿನಲ್ಲಿ ಬಿದ್ದ ಮರಿಯನ್ನು ಕಂಡು ಹಾಗೇ ಬಿಟ್ಟು ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ಮಕ್ಕಳು ಮನೆಗೆ ತರುತ್ತಾರೆ, ಹತ್ತಿಯಲ್ಲಿ ಸುತ್ತಿ ಹನಿಹನಿ ಹಾಲು ಕುಡಿಸುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರಿನ ಮನೆಗಳಲ್ಲೂ ಹೀಗೇ ಆಗುತ್ತದೆ. ಅನೇಕ ಮರಿಗಳು ಕಣ್ಣು ಬಿಡುತ್ತವೆ, ರೋಮ ಮೂಡಿ ಬೆನ್ನಿನ ಮೂರು ಗೆರೆ ಎದ್ದು ಕಾಣುತ್ತದೆ, ಮನೆಯವರ ಭುಜ ಹತ್ತಿ ಓಡಾಡುತ್ತವೆ. ಇನ್ನೇನು ಗೆದ್ದೆವು ಅಂದುಕೊಂಡಾಗ ಒಂದು ದಿನ ಹಿಂಗಾಲು ಎಳೆಯತೊಡಗುತ್ತವೆ, ಇಲ್ಲವೇ ಹೊಟ್ಟೆ ಉಬ್ಬಿಸಿಕೊಂಡು ಮಲಗಿಬಿಡುತ್ತವೆ. ಹಾಲಿನಿಂದ ಗಟ್ಟಿ ಆಹಾರಕ್ಕೆ ದಾಟುವ ಆ ಕೆಲವು ವಾರಗಳಲ್ಲಿ ಮರಿಯ ದೇಹದೊಳಗೆ ಏನಾಗುತ್ತಿರುತ್ತದೆ ಎಂಬುದು ಗೊತ್ತಿದ್ದರೆ ಇಂಥ ಎಷ್ಟೋ ಸಾವುಗಳನ್ನು ತಪ್ಪಿಸಬಹುದು.

ಅದಕ್ಕೂ ಮೊದಲು ಒಂದು ಮಾತು. ಬಿದ್ದ ಮರಿ ಬೆಚ್ಚಗಿದ್ದು, ಗಾಯವಿಲ್ಲದಿದ್ದರೆ ಅದಕ್ಕೆ ನಾವು ಬೇಕಿಲ್ಲ, ತಾಯಿ ಬೇಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆ ಸುಳ್ಳು. ತಾಯಿ ಅಳಿಲು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಸಾಗಿಸಬಲ್ಲದು. ಮರಿಯನ್ನು ತೆರೆದ ಡಬ್ಬಿಯಲ್ಲಿ ಬಟ್ಟೆ ಹಾಸಿ ಇಟ್ಟು, ಬೆಕ್ಕು, ಕಾಗೆ, ಇರುವೆಗೆ ಸಿಗದಂತೆ ಅದೇ ಮರಕ್ಕೆ ಕಟ್ಟಿ, ದೂರ ನಿಂತು ಹಗಲಿನ ಕೆಲವು ಗಂಟೆ ಕಾಯಬೇಕು. ತಾಯಿ ಬಾರದಿದ್ದಾಗ, ಅಥವಾ ಸತ್ತಿರುವುದು ಖಚಿತವಾದಾಗ ಮಾತ್ರ ಮುಂದಿನ ಮಾತು. ಆಗಲೂ ತಣ್ಣಗಾದ ಮರಿಗೆ ಹಾಲು ಕುಡಿಸಬಾರದು. ಮೊದಲು ಮೈ ಬೆಚ್ಚಗಾಗಬೇಕು; ತಣ್ಣಗಿರುವ ಕರುಳು ಏನನ್ನೂ ಅರಗಿಸುವುದಿಲ್ಲ.

ಮನೆಯಲ್ಲಿ ಮೊದಲು ಕೈಗೆ ಸಿಗುವುದು ಹಸುವಿನ ಹಾಲು. ಅಳಿಲಿನ ಹಾಲಿಗೂ ಅದಕ್ಕೂ ಅಜಗಜಾಂತರ. ಅಮೆರಿಕದ ಬೂದು ಅಳಿಲಿನ ಹಾಲನ್ನು ವಿಶ್ಲೇಷಿಸಿದಾಗ ಕೊಬ್ಬು ಶೇಕಡಾ 24.7, ಪ್ರೋಟೀನ್ ಶೇಕಡಾ 7.4, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಶೇಕಡಾ 3.7 ಇತ್ತು. ನಮ್ಮ ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡಾ 4ರ ಆಸುಪಾಸು, ಪ್ರೋಟೀನ್ 3ಕ್ಕಿಂತ ಸ್ವಲ್ಪ ಹೆಚ್ಚು, ಲ್ಯಾಕ್ಟೋಸ್ ಮಾತ್ರ 5ರ ಹತ್ತಿರ. ಹಸುವಿನ ಹಾಲು ಕುಡಿದ ಮರಿಗೆ ಬೇಕಾದ ಕೊಬ್ಬು ಸಿಗುವುದಿಲ್ಲ, ಬೇಡದ ಸಕ್ಕರೆ ಸಿಗುತ್ತದೆ, ಭೇದಿ ಶುರುವಾಗುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಇನ್ನೂ ಕಷ್ಟ, ಹೊಟ್ಟೆ ತುಂಬಿದರೂ ಮರಿ ಉಪವಾಸ. ಅನುಭವಸ್ಥರು ನಾಯಿಮರಿಗಳಿಗೆಂದು ಪಶುವೈದ್ಯರ ಬಳಿ ಸಿಗುವ ಹಾಲಿನ ಪುಡಿ ಬಳಸುತ್ತಾರೆ. ಒಂದು ಸಲಕ್ಕೆ ಮರಿಯ ತೂಕದ ಶೇಕಡಾ 5ರಷ್ಟು ಸಾಕು, 40 ಗ್ರಾಂ ತೂಗುವ ಮರಿಗೆ 2 ಮಿಲಿಲೀಟರ್. ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜಿನಲ್ಲಿ, ಮರಿಯನ್ನು ಬೆನ್ನ ಮೇಲೆ ಮಲಗಿಸದೆ, ಹೊಟ್ಟೆ ಕೆಳಗಾಗಿ ತಲೆ ಸ್ವಲ್ಪ ಎತ್ತರವಾಗಿ ಹಿಡಿದು ಹನಿಹನಿಯಾಗಿ ಕೊಡಬೇಕು. ಮೂಗಿನಿಂದ ಹಾಲು ಬಂದರೆ ಅದು ಶ್ವಾಸಕೋಶಕ್ಕೂ ಇಳಿದಿರಬಹುದು, ನ್ಯುಮೋನಿಯಾ ಅಲ್ಲಿಂದಲೇ ಆರಂಭ.

ಇನ್ನು ಸಕ್ಕರೆ, ಬೆಲ್ಲದ ವಿಚಾರ. ಎಳೆಯ ಮರಿ ಸೊರಗಿದ್ದರೆ ಬೆಲ್ಲದ ನೀರು, ಸಕ್ಕರೆ ನೀರು ಕೊಡುವುದು ನಮ್ಮ ಮನೆಗಳ ರೂಢಿ. ಮನುಷ್ಯರ ಮಗುವಿನ ವಿಷಯದಲ್ಲಿ ಅಜ್ಜಿಯರ ಈ ರೂಢಿಗೆ ಒಂದು ಆಧಾರವೂ ಇದೆ. ಸಕ್ಕರೆಯನ್ನು ಒಡೆಯುವ ಸುಕ್ರೇಸ್ ಎಂಬ ಕಿಣ್ವ ನಮ್ಮ ಶಿಶುಗಳ ಕರುಳಿನಲ್ಲಿ ಹುಟ್ಟುವಾಗಲೇ ಇರುತ್ತದೆ. ಇಲಿಯೂ ಅಳಿಲೂ ಸೇರಿರುವ ದಂಶಕಗಳ ಕಥೆ ಬೇರೆ. ಇಲಿಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಹುಟ್ಟಿದ ಮೊದಲ ಎರಡು ವಾರ ಸುಕ್ರೇಸ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಲ್ಯಾಕ್ಟೋಸ್ ಒಡೆಯುವ ಲ್ಯಾಕ್ಟೇಸ್ ಮಾತ್ರ ತುಂಬಿರುತ್ತದೆ. ಮೂರನೆಯ ವಾರದಲ್ಲಿ ಪಾತ್ರ ಬದಲಾಗುತ್ತದೆ: ಲ್ಯಾಕ್ಟೇಸ್ ಇಳಿಯುತ್ತದೆ, ಸುಕ್ರೇಸ್ ಮತ್ತು ಪಿಷ್ಟದ ಚೂರುಗಳನ್ನು ಅರಗಿಸುವ ಮಾಲ್ಟೇಸ್ ಏರುತ್ತವೆ. ಇಲಿಮರಿ ಗಟ್ಟಿ ಆಹಾರಕ್ಕೆ ಬಾಯಿ ಹಾಕುವುದೂ ಸರಿಸುಮಾರು ಆಗಲೇ.

ಈ ಬದಲಾವಣೆಯನ್ನು ತರುವುದು ಹೊಸ ಆಹಾರವೇ, ಅಥವಾ ದೇಹದೊಳಗಿನ ಯಾವುದೋ ಗಡಿಯಾರವೇ? ಡೋಯೆಲ್ ಮತ್ತು ಕ್ರೆಚ್‌ಮರ್ ಎಂಬ ಸಂಶೋಧಕರು 1964ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸುಳಿವು ಕೊಟ್ಟಿತು. ಎಳೆಯ ಇಲಿಮರಿಗಳಿಗೆ ಹೈಡ್ರೋಕಾರ್ಟಿಸೋನ್ ಚುಚ್ಚಿದಾಗ, ಅವು ಇನ್ನೂ ಹಾಲು ಕುಡಿಯುತ್ತಿದ್ದರೂ, ಸಕ್ಕರೆ ಒಡೆಯುವ ಕಿಣ್ವ ಅವಧಿಗೆ ಮೊದಲೇ ಕಾಣಿಸಿಕೊಂಡಿತು. ಗಡಿಯಾರ ಮರಿಯೊಳಗೇ ಇದೆ, ಅದನ್ನು ನಡೆಸುವುದರಲ್ಲಿ ಹಾರ್ಮೋನುಗಳ ಕೈ ಇದೆ. ನಾವು ಬೇಗ ಬಾಳೆಹಣ್ಣು ತುರುಕಿದ ಮಾತ್ರಕ್ಕೆ ಕರುಳು ಬೇಗ ಸಿದ್ಧವಾಗುವುದಿಲ್ಲ. ಕಣ್ಣು ಬಿಡದ ಅಳಿಲು ಮರಿಗೆ ಬೆಲ್ಲದ ನೀರಾಗಲಿ, ಹಣ್ಣಾಗಲಿ, ಅನ್ನದ ಗಂಜಿಯಾಗಲಿ ಬೇಡವೆನ್ನುವುದು ಇದಕ್ಕಾಗಿ.

ಮರಿ ಸಿದ್ಧವಾಗಿದೆಯೆಂದು ತಿಳಿಯುವುದು ಹೇಗೆ? ಅದರ ಬಾಯಿಯೇ ಹೇಳುತ್ತದೆ. ಅಳಿಲುಗಳಿಗೆ ಮೊದಲು ಮೂಡುವುದು ಕೆಳಗಿನ ಬಾಚಿಹಲ್ಲು, ಆಮೇಲೆ ಮೇಲಿನವು, ಕೊನೆಗೆ ಅರೆಯುವ ದವಡೆಹಲ್ಲು. ಬಾಚಿಹಲ್ಲು ಬಂದ ಮಾತ್ರಕ್ಕೆ ಕಡಿಯಬಲ್ಲದು, ಅಗಿಯಲಾರದು. ಈ ನಡುವಿನ ದಿನಗಳಲ್ಲಿ ಮೆತ್ತಗಿನ ತಿನಿಸು ಮಾತ್ರ ಸರಿ. ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಎನಾಮಲ್ ಇರುವುದು ಮುಂಭಾಗದಲ್ಲಿ ಮಾತ್ರ, ಹಿಂಭಾಗ ಮೃದು. ಕಡಿಯುತ್ತಾ ಹೋದಂತೆ ಹಿಂಭಾಗ ಬೇಗ ಸವೆದು ಮುಂಭಾಗ ಉಳಿಯ ಅಂಚಿನಂತೆ ಹರಿತವಾಗುತ್ತದೆ. ದವಡೆಹಲ್ಲು ಬಂದ ಮೇಲೂ ಕಲಸಿದ ತಿನಿಸನ್ನೇ ಕೊಡುತ್ತಿದ್ದರೆ ಹಲ್ಲು ಸವೆಯದೆ ಉದ್ದ ಬೆಳೆದು ಬಾಯಿ ಮುಚ್ಚದಂತಾಗಬಹುದು. ಹಾಗಾಗದಂತೆ ಗೂಡಿನಲ್ಲಿ ಹುಣಸೆಯದೋ ಬೇವಿನದೋ ಹಸಿ ರೆಂಬೆ, ತೊಗಟೆ, ತೆಂಗಿನ ಚಿಪ್ಪಿನ ತುಂಡು ಇರಬೇಕು.

ಎಷ್ಟೋ ಮರಿಗಳನ್ನು ನಾವು ಕಳೆದುಕೊಳ್ಳುವುದು ಮೂಳೆಯ ವಿಷಯದಲ್ಲಿ. ಹಾಲು ಬಿಡಿಸುವಾಗ ಮನೆಯವರು ಕೊಡುವುದೇನು? ಕಡಲೆಕಾಯಿ ಬೀಜ, ತೆಂಗಿನಕಾಯಿ ಚೂರು, ಬಾಳೆಹಣ್ಣು. ಕಂಬಂ ಕಡೆಯಾದರೆ ದ್ರಾಕ್ಷಿ. 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಲ್ಲಿನ ಪನ್ನೀರ್ ದ್ರಾಕ್ಷಿ. ಮರಿ ಇವನ್ನೆಲ್ಲ ಆಸೆಯಿಂದ ತಿನ್ನುತ್ತದೆ, ತಿನ್ನುವುದನ್ನು ನೋಡಿ ನಮಗೂ ಖುಷಿ. ಆದರೆ ಲೆಕ್ಕ ನೋಡಿ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಕ್ಯಾಲ್ಸಿಯಂ ಸುಮಾರು 90 ಮಿಲಿಗ್ರಾಂ, ರಂಜಕ 370ಕ್ಕೂ ಹೆಚ್ಚು. ಸೂರ್ಯಕಾಂತಿ ಬೀಜದಲ್ಲಿ ಕ್ಯಾಲ್ಸಿಯಂ 80ರ ಹತ್ತಿರ, ರಂಜಕ 600ಕ್ಕೂ ಮೇಲೆ. ಹಸಿ ಕೊಬ್ಬರಿಯಲ್ಲಿ 14ಕ್ಕೆ 113. ಬಾಳೆಹಣ್ಣು, ದ್ರಾಕ್ಷಿಗಳಲ್ಲಿ ಎರಡೂ ತೀರಾ ಕಡಿಮೆ, ಕ್ಯಾಲ್ಸಿಯಂ ಇನ್ನೂ ಕಡಿಮೆ. ಬೆಳೆಯುವ ಮೂಳೆಗೆ ಬೇಕಾದದ್ದು ರಂಜಕದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಕ್ಯಾಲ್ಸಿಯಂ.

ಹೃದಯ ಬಡಿಯಲು, ಸ್ನಾಯು ಕುಗ್ಗಲು, ನರ ಕೆಲಸ ಮಾಡಲು ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟದಲ್ಲಿ ಇರಲೇಬೇಕು. ಆಹಾರದಿಂದ ಬಾರದಿದ್ದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಹಾರ್ಮೋನು ಸುರಿಸಿ ಮೂಳೆಯಿಂದ ಅದನ್ನು ಕರಗಿಸಿ ತರುತ್ತವೆ. ಒಂದು ಕಡೆ ಮರಿ ಬೆಳೆಯುತ್ತಿದೆ, ಇನ್ನೊಂದು ಕಡೆ ಅದರ ಮೂಳೆ ಕರಗುತ್ತಿದೆ. ತೂಕ ಏರುತ್ತಿರುವುದರಿಂದ ಹೊರಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಮರಿ ನೆಗೆಯುವುದು ಕಡಿಮೆಯಾಗುತ್ತದೆ, ಎತ್ತಿಕೊಂಡರೆ ಚೀರುತ್ತದೆ, ಹಿಂಗಾಲು ಸೋಲುತ್ತದೆ, ಮೈ ಅದುರುತ್ತದೆ, ಸಣ್ಣ ನೆಗೆತಕ್ಕೂ ಮೂಳೆ ಮುರಿಯುತ್ತದೆ. ಬಿದ್ದು ಪೆಟ್ಟಾಯಿತು ಎಂದುಕೊಂಡು ಮನೆಯವರು ಮತ್ತಷ್ಟು ಕಡಲೆಕಾಯಿ ಬೀಜ ತಿನ್ನಿಸುತ್ತಾರೆ. ಈ ಹಂತದಲ್ಲಿ ತಡಮಾಡದೆ ಪಶುವೈದ್ಯರ ಬಳಿ ಹೋದರೆ ಉಳಿಸಿಕೊಳ್ಳುವ ಸಾಧ್ಯತೆ ಇದೆ.

ಬಿಸಿಲಿನ ಪಾತ್ರವನ್ನೂ ಇಲ್ಲೇ ಹೇಳಬೇಕು. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು ವಿಟಮಿನ್ ಡಿ ಬೇಕು, ಚರ್ಮದಲ್ಲಿ ಅದು ತಯಾರಾಗಲು ಬಿಸಿಲಿನ ನೇರಳಾತೀತ ಬಿ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಗಾಜಿನ ಹಿಂದೆ ಬೆಚ್ಚಗೆ ಮಲಗಿದ ಮರಿಗೆ ಬಿಸಿಲಿನ ಶಾಖ ಸಿಕ್ಕೀತು, ವಿಟಮಿನ್ ಸಿಗದು. ಬಿಸಿಲು ಏರಿದ ಮೇಲೆ ಬಲೆಯ ಪೆಟ್ಟಿಗೆಯಲ್ಲಿ ಅರ್ಧ ನೆರಳಿರುವ ಕಡೆ ಸ್ವಲ್ಪ ಹೊತ್ತು ಇಡಬೇಕು. ನೆರಳಿಗೆ ಸರಿಯುವ ಅವಕಾಶ ಮರಿಗೆ ಇರಲೇಬೇಕು.

ಹಾಗಿದ್ದರೆ ಕಾಡಿನ, ತೋಟದ ಅಳಿಲುಗಳಿಗೆ ಕ್ಯಾಲ್ಸಿಯಂ ಎಲ್ಲಿಂದ? ಚಿಗುರು, ಎಲೆ, ಮೊಗ್ಗು, ತೊಗಟೆ, ಹುಳ ಎಲ್ಲವನ್ನೂ ಅವು ತಿನ್ನುತ್ತವೆ. ಕೆಲವು ಜಾತಿಯ ಅಳಿಲುಗಳು ಬಿದ್ದ ಮೂಳೆ, ಉದುರಿದ ಜಿಂಕೆ ಕೊಂಬುಗಳನ್ನೂ ಕಡಿಯುತ್ತವೆ. ಮುಖ್ಯವಾಗಿ ಆಲ, ಅರಳಿ, ಅತ್ತಿಯ ಹಣ್ಣುಗಳಿವೆ. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಬೆಲೀಜ್, ಉಗಾಂಡ, ಇಂಡೊನೇಷ್ಯದ ಕಾಡುಗಳ ಹಣ್ಣುಗಳನ್ನು ಹೋಲಿಸಿ, ಅತ್ತಿಯ ಜಾತಿಯ ಹಣ್ಣುಗಳಲ್ಲಿ ಇತರ ಹಣ್ಣುಗಳಿಗಿಂತ 3.2 ಪಟ್ಟು ಹೆಚ್ಚು ಕ್ಯಾಲ್ಸಿಯಂ ಇದೆಯೆಂದು ತೋರಿಸಿತು. ಊರ ಬಾಗಿಲಲ್ಲಿ, ಗುಡಿಯ ಮುಂದೆ, ಕೆರೆ ಏರಿಯ ಮೇಲೆ ನಮ್ಮ ಹಿರಿಯರು ನೆಟ್ಟ ಆಲ, ಅರಳಿ ಮರಗಳಲ್ಲಿ ಹಣ್ಣು ಬಿಟ್ಟಾಗ ಅಳಿಲುಗಳು ಮುತ್ತಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ರಸ್ತೆ ಅಗಲಿಸುವಾಗ ಮೊದಲು ಉರುಳುವುದೂ ಇವೇ ಮರಗಳು. ನನಗೆ ಇದು ತುಂಬಾ ನೋವಿನ ಸಂಗತಿ. ಹಾಲು ಬಿಡುವ ಅಳಿಲು ಮರಿಗೆ ಸೀಳಿದ ಒಂದು ಅತ್ತಿಹಣ್ಣು ಯಾವ ದ್ರಾಕ್ಷಿಗಿಂತಲೂ ದೊಡ್ಡ ಕಾಣಿಕೆ.

ಕೈಗೆಟಕುವ ಇನ್ನೆರಡು ಆಹಾರಗಳಿವೆ. ನುಗ್ಗೆ ಸೊಪ್ಪಿನಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ರಂಜಕ ಅದಕ್ಕಿಂತ ಬಹಳ ಕಡಿಮೆ. ಇಂದು ಕರ್ನಾಟಕದ ಹೊಲಗಳಲ್ಲೂ ಕಾಣುವ ಪಿಕೆಎಂ-1 ನುಗ್ಗೆ ತಳಿ ಬಂದದ್ದು ಇದೇ ತೇನಿ ಜಿಲ್ಲೆಯ ಪೆರಿಯಕುಳಂ ತೋಟಗಾರಿಕೆ ಕಾಲೇಜಿನಿಂದ. ಮತ್ತೊಂದು ನಮ್ಮ ರಾಗಿ. ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ 340ರಿಂದ 365 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಮಿಗಿಲಾಗಿರುವುದು ಅಪರೂಪ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸ್ವಲ್ಪ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಬರಿಸಿದರೆ ಅದು ತಗ್ಗುತ್ತದೆ. ಮೊಳಕೆ ರಾಗಿಯ ಹಿಟ್ಟನ್ನು ಬೇಯಿಸಿ, ಆರಿಸಿ, ಮರಿ ಕುಡಿಯುತ್ತಿರುವ ಪುಡಿಹಾಲಿನಲ್ಲೇ ಕಲಸಿ ಚಿಟಿಕೆಯಷ್ಟು ಕೊಡಬಹುದು. ಉಪ್ಪು, ಸಕ್ಕರೆ ಬೇಡ. ಬಿಸ್ಕತ್ತು, ಕರಿದದ್ದು, ಚಾಕೊಲೇಟ್ ಹತ್ತಿರಕ್ಕೂ ತರಬಾರದು.

ರುಚಿಯನ್ನೂ ಮರಿ ಕಲಿಯಬೇಕು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬೆನೆಟ್ ಗೇಲೆಫ್ ಇಲಿಗಳಲ್ಲಿ ಈ ಕಲಿಕೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ತಾಯಿ ತಿಂದ ಆಹಾರದ ರುಚಿ ಹಾಲಿನ ಮೂಲಕ ಮರಿಗೆ ತಲುಪುತ್ತದೆ, ಹಾಲು ಬಿಟ್ಟ ಮೇಲೆ ಮರಿ ಅದೇ ಆಹಾರವನ್ನು ಆರಿಸಿಕೊಳ್ಳುತ್ತದೆ ಎಂದು ಅವರು 1972ರಲ್ಲಿ ತೋರಿಸಿದರು. ಮತ್ತೊಂದು ಇಲಿಯ ಉಸಿರಿನಲ್ಲಿ ಬರುವ ಆಹಾರದ ವಾಸನೆಯೂ ಮರಿಗೆ ಪಾಠ ಎಂದು ಮುಂದೆ ಕಂಡುಬಂತು. ಕೈಯಲ್ಲಿ ಬೆಳೆದ ಅಳಿಲಿಗೆ ಈ ಪಾಠ ಯಾವುದೂ ಸಿಕ್ಕಿರುವುದಿಲ್ಲ. ಅತ್ತಿಹಣ್ಣನ್ನು ಮೊದಲ ಸಲ ಮೂಸಿ ಬಿಟ್ಟುಬಿಟ್ಟರೆ ಅದಕ್ಕೆ ಇಷ್ಟವಿಲ್ಲವೆಂದು ತೀರ್ಮಾನಿಸಬಾರದು. ದಿನವೂ ಇಡಬೇಕು, ಹಣ್ಣಿನ ಅಂಚಿಗೆ ಒಂದು ಹನಿ ಹಾಲು ಸವರಿ ಇಡಬೇಕು. ಹೊಟ್ಟೆ ಹಸಿದಿರುವಾಗ ಹೊಸದು ಮೊದಲು, ಹಾಲು ಆಮೇಲೆ. ಕಡಲೆಕಾಯಿ ಬೀಜದ ಪರಿಚಯ ಎಲ್ಲಕ್ಕಿಂತ ಕೊನೆಗೆ, ಅದೂ ಒಂದೋ ಎರಡೋ. ಒಮ್ಮೆ ಅದರ ರುಚಿ ಹತ್ತಿದರೆ ಸೊಪ್ಪಿನ ಕಡೆ ತಿರುಗಿಯೂ ನೋಡುವುದಿಲ್ಲ.

ಹಾಲನ್ನು ಒಂದೇ ದಿನ ನಿಲ್ಲಿಸಬಾರದು. ಮೂರುಪಟ್ಟೆಯ ಅಳಿಲು ಮರಿ ಪೂರ್ತಿ ಹಾಲು ಬಿಡಲು ಸುಮಾರು ಹತ್ತು ವಾರ ಹಿಡಿಯುತ್ತದೆ. ಮೊದಲು ಮಧ್ಯಾಹ್ನದ ಹಾಲು ತಪ್ಪಿಸಿ, ಬೆಳಗಿನದು, ರಾತ್ರಿಯದು ಉಳಿಸಿಕೊಳ್ಳುವುದು ಒಳ್ಳೆಯದು. ದಿನವೂ ಒಂದೇ ಹೊತ್ತಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಬೇಕು. ತೂಕ ಇಳಿದರೆ ಬಿಟ್ಟ ಹಾಲನ್ನು ಮತ್ತೆ ಕೊಡಬೇಕು. ಹಿಕ್ಕೆ ಮೆತ್ತಗಾದರೆ ಆ ದಿನ ಸೇರಿಸಿದ ಹೊಸ ಆಹಾರವನ್ನು ತೆಗೆದು, ಮರಿಯನ್ನು ಬೆಚ್ಚಗಿಟ್ಟು ಕಾಯಬೇಕು. ಒಂದು ಸಲಕ್ಕೆ ಒಂದೇ ಹೊಸ ತಿನಿಸು ಎಂಬ ನಿಯಮ ಪಾಲಿಸಿದರೆ ತೊಂದರೆ ಯಾವುದರಿಂದ ಬಂತೆಂದು ತಿಳಿಯುತ್ತದೆ. ಆಳವಿಲ್ಲದ ತಟ್ಟೆಯಲ್ಲಿ ನೀರು ಯಾವಾಗಲೂ ಇರಲಿ.

ಕಣಿವೆಯ ಮೇಲಿನ ಮೇಘಮಲೆಯ ಕಾಡಿನಲ್ಲಿ ದೊಡ್ಡ ಅಳಿಲುಗಳೂ ಇವೆ: ಕೆಂದಳಿಲು ಮತ್ತು ಬೂದು ಬಣ್ಣದ ದೊಡ್ಡ ಅಳಿಲು. ಎರಡನೆಯದು ಕರ್ನಾಟಕದ ಕಾವೇರಿ ವನ್ಯಧಾಮದ ಹೊಳೆಯಂಚಿನ ಮರಗಳಲ್ಲೂ ಇದೆ. 2021ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಶ್ರೀವಿಲ್ಲಿಪುತ್ತೂರು–ಮೇಘಮಲೆಯ ಒಂದು ಭಾಗವನ್ನು ಮೊದಲು ವನ್ಯಧಾಮವಾಗಿ ಘೋಷಿಸಿದ್ದೇ ಈ ಬೂದು ಅಳಿಲಿಗಾಗಿ. ಇವುಗಳ ಮರಿ ಸಿಕ್ಕರೆ ಮನೆಗೆ ಒಯ್ಯದೆ ನೇರವಾಗಿ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಮನೆಯಂಗಳದ ಸಣ್ಣ ಅಳಿಲೂ ಕಾಡುಪ್ರಾಣಿಯೇ, ಸಾಕುಪ್ರಾಣಿಯಲ್ಲ. ಅರಣ್ಯ ಇಲಾಖೆಗೋ ರಕ್ಷಣಾ ಕೇಂದ್ರಕ್ಕೋ ತಿಳಿಸಿ ಅವರ ಸಲಹೆಯಂತೆ ನಡೆಯುವುದೇ ಸರಿ. ಬೆಂಗಳೂರಿನವರಿಗೆ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ.

ಹಾಲು ಪೂರ್ತಿ ಬಿಟ್ಟು, ಗಟ್ಟಿ ಕಾಯಿ ಒಡೆಯಲು ಕಲಿತು, ಅಪರಿಚಿತರನ್ನು ಕಂಡರೆ ಅಡಗುವಂತಾದ ಅಳಿಲಿಗೆ ಹೊರಗೆ ಹೋಗುವ ಹೊತ್ತು ಬಂದಿದೆ. ಅದು ಮಲಗಿ ಅಭ್ಯಾಸವಾದ ಪೆಟ್ಟಿಗೆಯನ್ನು ಬಲೆಯ ಗೂಡಿನೊಳಗಿಟ್ಟು, ಬೇರೆ ಅಳಿಲುಗಳ ಕೂಗು ಕೇಳುವ ಮರದ ಬಳಿ ಕೆಲವು ದಿನ ಇಡಬೇಕು. ಆಮೇಲೆ ಗಾಳಿ ಮಳೆಯಿಲ್ಲದ ಒಂದು ಬೆಳಿಗ್ಗೆ ಬಾಗಿಲು ತೆರೆಯಬೇಕು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ತಿನಿಸನ್ನು ಇನ್ನೂ ಕೆಲವು ವಾರ ಇಡುತ್ತಾ, ದಿನದಿನಕ್ಕೆ ಕಡಿಮೆ ಮಾಡುತ್ತಾ ಬರಬೇಕು. ಮರ ಆರಿಸುವಾಗ ಹತ್ತಿರದಲ್ಲಿ ಆಲವೋ ಅರಳಿಯೋ ಅತ್ತಿಯೋ ಇದ್ದರೆ ಬಹಳ ಒಳ್ಳೆಯದು.